ದನದ ಜಾತ್ರೆಯಲ್ಲಿ ರೋಗ ಅಂಟಿದರೆ ಹೊಣೆ ಯಾರದು? ಪದೇ ಪದೇ ಕೇಳುವ ಪ್ರಶ್ನೆಗಳು

ಸಂಕ್ರಾಂತಿ ಹತ್ತಿರ ಬಂತೆಂದರೆ ವಿಜಯಪುರದಲ್ಲಿ ಸಿದ್ಧೇಶ್ವರ ಜಾತ್ರೆಯ ಮಾತು, ತೊರವಿ ಕಡೆ ಖಿಲಾರಿ ಹೋರಿಗಳ ಸಾಲು. ಅದು ಮುಗಿಯಿತೆನ್ನುವಷ್ಟರಲ್ಲಿ ಭಾರತ ಹುಣ್ಣಿಮೆಗೆ ರಾಯಬಾಗ ತಾಲ್ಲೂಕಿನ ಚಿಂಚಲಿ ಮಾಯಕ್ಕನ ಜಾತ್ರೆ. ಅಮೀನಗಡದ ಕುರಿ ಸಂತೆಯಂತೂ ವಾರವಾರವೂ ಇದ್ದೇ ಇದೆ. ನಾನು ಇದೇ ಭಾಗದಲ್ಲಿ ವಕೀಲಿಕೆ ಮಾಡುವವನು. ಹೊಲದ ವಾಟ್ನಿ (ಪಾಲು) ಕೇಸಿಗೆಂದು ಬಂದವರು ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು, "ಅಲ್ರೀ ವಕೀಲ್ರ, ಜಾತ್ರ್ಯಾಗ ತಂದ ಆಕಳಿಂದ ಮನೀ ಮಂದಿಗೆಲ್ಲ ಜ್ವರ ಬಂದಾವ, ಯಾರನ್ನ ಕೇಳೂದು?" ಎನ್ನುತ್ತಾರೆ. ಹೀಗೆ ಬಾಗಿಲಲ್ಲಿ ನಿಂತು ಕೇಳಿದ ಪ್ರಶ್ನೆಗಳನ್ನೇ ಇಲ್ಲಿ ಕೂಡಿಸಿದ್ದೇನೆ.

ಪ್ರಶ್ನೆ ಯಾವುದೇ ಇರಲಿ, ಕೋರ್ಟು ಕೊನೆಗೆ ನೋಡುವುದು ಎರಡು ಸಂಗತಿ. ರೋಗ ಇರುವುದು ಯಾರಿಗೆ ಗೊತ್ತಿತ್ತು, ಅಥವಾ ಗೊತ್ತಾಗಬೇಕಿತ್ತು? ಅದನ್ನು ತಡೆಯುವುದು ಯಾರ ಕೈಯಲ್ಲಿತ್ತು? ಕೆಳಗಿನ ಉತ್ತರಗಳನ್ನು ಓದುವಾಗ ಈ ಎರಡನ್ನು ಮನಸ್ಸಿನಲ್ಲಿಟ್ಟುಕೊಳ್ಳಿ.

ಜಾತ್ರೆಯ ದನ, ಕುರಿಗಳಿಂದ ಮನುಷ್ಯರಿಗೆ ಏನೇನು ಅಂಟುತ್ತದೆ?

ನಮ್ಮ ಕಡೆ ಮೊದಲು ಹೇಳಬೇಕಾದದ್ದು ಕಂದು ರೋಗ, ಅಂದರೆ ಬ್ರುಸೆಲ್ಲೋಸಿಸ್. ಕಂದು ಹಾಕಿದ ಆಕಳು, ಎಮ್ಮೆ, ಆಡುಗಳ ಮಾಸು ಮುಟ್ಟಿದವರಿಗೆ, ಕಾಯಿಸದ ಹಾಲು ಕುಡಿದವರಿಗೆ ಬರುತ್ತದೆ. ಏರಿಳಿಯುವ ಜ್ವರ, ರಾತ್ರಿ ಬೆವರು, ಕೀಲು ನೋವು ತಿಂಗಳುಗಟ್ಟಲೆ ಕಾಡುತ್ತವೆ. ಕುರಿಗಾರರಿಗೆ ನೆರಡಿ ರೋಗದ ಭಯ ಗೊತ್ತೇ ಇದೆ. ಆಸ್ಪತ್ರೆಯಲ್ಲಿ ಅದಕ್ಕೆ ಆಂಥ್ರಾಕ್ಸ್ ಎನ್ನುತ್ತಾರೆ. ಕರುಗಳಿಂದ ಹುಳುಕಡ್ಡಿ, ಬಾಯಿಹುಣ್ಣಾದ ಕುರಿಗಳಿಂದ ಕೈಗೆ ಗುಳ್ಳೆ, ಸಗಣಿ ಮುಟ್ಟಿದ ಕೈ ಬಾಯಿಗೆ ಹೋದರೆ ಇ. ಕೋಲೈ, ಸಾಲ್ಮೊನೆಲ್ಲಾದಂಥ ಹೊಟ್ಟೆಯ ರೋಗಗಳು. ಜಾತ್ರೆಯಲ್ಲಿ ತಿರುಗುವ ನಾಯಿ ಕಚ್ಚಿದರೆ ರೇಬೀಸ್ ಭಯ ಬೇರೆ.

ಚರ್ಮಗಂಟು ರೋಗ, ಕಾಲುಬಾಯಿ ರೋಗ ಬಂದ ದನ ಮುಟ್ಟಿದರೆ ನಮಗೂ ಬರುತ್ತದೆಯೇ?

ಚರ್ಮಗಂಟು ಮನುಷ್ಯರಿಗೆ ಬರುವುದಿಲ್ಲ. ಕಾಲುಬಾಯಿ ರೋಗವೂ ಬಂದದ್ದಿಲ್ಲ ಎನ್ನುವಷ್ಟು ಅಪರೂಪ. ಇವುಗಳ ವ್ಯಾಜ್ಯವೇನಿದ್ದರೂ ದನಕ್ಕೆ ಆದ ನಷ್ಟದ್ದು, ಮೈಗೆ ಆದ ಹಾನಿಯದ್ದಲ್ಲ.

ಇದಕ್ಕೆಂದೇ ಒಂದು ಕಾಯ್ದೆ ಇದೆಯೇ?

ದನದಿಂದ ದನಕ್ಕೆ ಹರಡುವುದನ್ನು ತಡೆಯಲು ಇದೆ. ಪ್ರಾಣಿಗಳಲ್ಲಿ ಸಾಂಕ್ರಾಮಿಕ ರೋಗಗಳ ತಡೆ ಮತ್ತು ನಿಯಂತ್ರಣ ಕಾಯ್ದೆ, 2009. ಪಟ್ಟಿಯಲ್ಲಿರುವ ರೋಗ ನಿಮ್ಮ ದನಕ್ಕೆ ಬಂದಿದೆ ಎಂದು ನಂಬಲು ಕಾರಣವಿದ್ದರೆ ಗ್ರಾಮದ ಅಧಿಕಾರಿಗೆ ಅಥವಾ ಪಂಚಾಯಿತಿಗೆ ತಿಳಿಸಬೇಕು ಎನ್ನುವುದು 4ನೇ ಕಲಂ. ಉಳಿದ ದನಗಳಿಂದ ಅದನ್ನು ಬೇರೆ ಕಟ್ಟಬೇಕು ಎನ್ನುವುದು 5ನೇ ಕಲಂ. ರೋಗ ನಿಯಂತ್ರಣ ಪ್ರದೇಶ ಎಂದು ಘೋಷಿಸಿದ ಕಡೆ ಆ ಜಾತಿಯ ಪ್ರಾಣಿಗಳ ಸಂತೆ, ಜಾತ್ರೆ, ಪ್ರದರ್ಶನ ನಡೆಸಬಾರದು ಎನ್ನುವುದು 12ನೇ ಕಲಂ. ಜಾತ್ರೆಯ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು 13ನೆಯದು. ರೋಗ ಇದೆ ಎಂದು ಗೊತ್ತಿರುವ ಪ್ರಾಣಿಯನ್ನು ಸಂತೆಗೆ, ಜಾತ್ರೆಗೆ, ಸಾರ್ವಜನಿಕ ಜಾಗಕ್ಕೆ ತರಬಾರದು, ತರಲು ಯತ್ನಿಸಲೂಬಾರದು.

ದಂಡ ಮಾತ್ರ ನಗೆ ತರಿಸುವಷ್ಟು. ಮೊದಲ ಸಲದ ತಪ್ಪಿಗೆ ಸಾವಿರ ರೂಪಾಯಿವರೆಗೆ ಎಂದು 2009ರಲ್ಲಿ ಬರೆದರು. ಒಂದು ಜೋಡಿ ಖಿಲಾರಿ ಎತ್ತಿನ ಬೆಲೆ ಗೊತ್ತಿದ್ದವರು ಇದಕ್ಕೆ ಹೆದರುವುದಿಲ್ಲ. ಆದರೆ ಈ ಕಾಯ್ದೆಯ ಬೆಲೆ ದಂಡದಲ್ಲಿಲ್ಲ. ಶಾಸನ ಹೇಳಿದ್ದನ್ನು ಮುರಿದಿದ್ದಾನೆ ಎಂದು ತೋರಿಸಿದರೆ, ಸಿವಿಲ್ ದಾವೆಯಲ್ಲಿ ಅವನ ನಿರ್ಲಕ್ಷ್ಯ ಸಾಬೀತು ಮಾಡುವ ಕೆಲಸ ಅರ್ಧ ಮುಗಿದಂತೆ.

ದನದಿಂದ ಮನುಷ್ಯನಿಗೆ ಬಂದ ರೋಗಕ್ಕೆ ಪರಿಹಾರ ಕೊಡಿಸುವ ಪ್ರತ್ಯೇಕ ಕಾಯ್ದೆ ನಮ್ಮಲ್ಲಿಲ್ಲ. ನಿರ್ಲಕ್ಷ್ಯದ ಸಾಮಾನ್ಯ ತತ್ವ, ಗ್ರಾಹಕ ಕಾಯ್ದೆ, ಆಹಾರ ಸುರಕ್ಷತಾ ಕಾಯ್ದೆ, ಅಪರಾಧಗಳ ಭಾರತೀಯ ನ್ಯಾಯ ಸಂಹಿತೆ, ಇವುಗಳನ್ನೇ ಜೋಡಿಸಿಕೊಂಡು ಹೋಗಬೇಕು.

ನನ್ನ ಎತ್ತಿಗೆ ರೋಗ ಇದ್ದದ್ದು ನನಗೇ ಗೊತ್ತಿರಲಿಲ್ಲ. ಆದರೂ ನಾನೇ ಹೊಣೆಯೇ?

ನಿಜವಾಗಿಯೂ ಗೊತ್ತಿರದಿದ್ದರೆ, ಗೊತ್ತಾಗುವಂಥ ಲಕ್ಷಣವೂ ಇರದಿದ್ದರೆ, ಸಾಮಾನ್ಯವಾಗಿ ಇಲ್ಲ. ಸಾಕುಪ್ರಾಣಿಯ ವಿಷಯದಲ್ಲಿ ಹಳೆಯ ಕಾಲದಿಂದ ಬಂದ ನಿಯಮ ಇದು. ಹುಲಿ ಸಾಕಿದವನು ಗೊತ್ತಿದ್ದರೂ ಇಲ್ಲದಿದ್ದರೂ ಹೊಣೆ, ಎತ್ತು ಸಾಕಿದವನು ಅದರ ದೋಷ ತಿಳಿದಿದ್ದರೆ ಹೊಣೆ. ಕಜ್ಜಿ ಹತ್ತಿದ ಕುರಿಗಳು ಪಕ್ಕದವನ ಹಿಂಡಿಗೆ ಅಂಟಿಸಿದ ಪ್ರಕರಣವೊಂದರಲ್ಲಿ 1863ರಲ್ಲೇ ಇಂಗ್ಲೆಂಡಿನ ಕೋರ್ಟು ಹೀಗೇ ಹೇಳಿತ್ತು, ಅದರ ಹೆಸರು ಕುಕ್ ವಿರುದ್ಧ ವೇರಿಂಗ್.

ಆದರೆ "ಗೊತ್ತಿರಲಿಲ್ಲ" ಎನ್ನುವುದು ಬಾಯಿಮಾತಿನಿಂದ ಆಗುವುದಿಲ್ಲ. ಮೈತುಂಬ ಗಂಟೆದ್ದ ಹೋರಿಗೆ ಜೂಲ ಹೊದಿಸಿ ನಿಲ್ಲಿಸಿದವನು, ಬಾಯಲ್ಲಿ ನೊರೆ ಸುರಿಸಿ ಕುಂಟುವ ದನವನ್ನು ಟೆಂಪೊ ಹತ್ತಿಸಿದವನು ಗೊತ್ತಿರಲಿಲ್ಲ ಅಂದರೆ ಯಾರೂ ಒಪ್ಪುವುದಿಲ್ಲ. ಹೋದ ವಾರವೇ ಊರಿನ ಪಶು ಆಸ್ಪತ್ರೆಯಲ್ಲಿ ಔಷಧ ಬರೆಸಿದ ಚೀಟಿ ಸಿಕ್ಕರಂತೂ ಆಯಿತು.

ಜಾತ್ರೆಯಲ್ಲಿ ಕೊಂಡ ಆಕಳು ಮನೆಗೆ ಬಂದು ಕಂದು ಹಾಕಿತು, ಪರೀಕ್ಷೆ ಮಾಡಿಸಿದರೆ ಕಂದು ರೋಗ. ಮಾರಿದವನನ್ನು ಹಿಡಿಯಬಹುದೇ?

ಬಹಳ ಜನ ಕೇಳುವ ಪ್ರಶ್ನೆ ಇದು, ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ.

ನಮ್ಮ ಕರಾರು ಕಾಯ್ದೆ 1872ರದ್ದು. ಮೋಸ ಎಂದರೇನು ಎಂದು ಹೇಳುವ ಅದರ 17ನೇ ಕಲಮಿನಲ್ಲಿ ಕುದುರೆ ವ್ಯಾಪಾರದ ಉದಾಹರಣೆಗಳಿವೆ. ಸರಿಯಿಲ್ಲದ ಕುದುರೆ ಎಂದು ಗೊತ್ತಿದ್ದೂ ಒಬ್ಬ ಹರಾಜಿನಲ್ಲಿ ಮಾರುತ್ತಾನೆ, ಏನೂ ಹೇಳುವುದಿಲ್ಲ. ಅದು ಮೋಸವಲ್ಲ! ಆದರೆ ಕೊಳ್ಳುವವನು, "ನೀನು ಇಲ್ಲ ಅನ್ನದಿದ್ದರೆ ಕುದುರೆ ಸರಿಯಿದೆ ಎಂದೇ ತಿಳಿಯುತ್ತೇನೆ" ಎಂದು ಕೇಳಿದ ಮೇಲೂ ಮಾರುವವನು ಸುಮ್ಮನಿದ್ದರೆ, ಆ ಮೌನ ಮಾತಿಗೆ ಸಮ.

ಈಗ ನಮ್ಮ ದನದ ಪ್ಯಾಟಿ ನೆನಪಿಸಿಕೊಳ್ಳಿ. ಟವೆಲ್ಲಿನ ಕೆಳಗೆ ಬೆರಳು ಹಿಡಿದು ದರ ಮಾತಾಡುತ್ತೇವೆ, ಹಲ್ಲು ಎಣಿಸುತ್ತೇವೆ, ಸುಳಿ ನೋಡುತ್ತೇವೆ, ನಡೆಸಿ ನೋಡುತ್ತೇವೆ. ಬಾಯಿಬಿಟ್ಟು "ರೋಗ ಗೀಗ ಏನೂ ಇಲ್ಲಲ್ಲೋ ತಮ್ಮಾ? ಎಷ್ಟ ಸಲ ಈದದ, ಕಂದ ಹಾಕೇತೇನು?" ಎಂದು ನಾಲ್ಕು ಜನರೆದುರು ಕೇಳುವವರು ಎಷ್ಟು ಮಂದಿ? ಆ ಒಂದು ಪ್ರಶ್ನೆ ಕೇಳಿದ್ದರೆ ನಿಮ್ಮ ಕೇಸಿನ ಬಣ್ಣವೇ ಬೇರೆ. ಕೇಳಿ, ಕೇಳಿದ್ದಕ್ಕೆ ಸಾಕ್ಷಿ ಇಟ್ಟುಕೊಳ್ಳಿ, ಪಾವತಿಯಲ್ಲಿ ಒಂದು ಸಾಲು ಬರೆಸಿ.

ಮೌನದ ವಿಷಯದಲ್ಲಿ ಇನ್ನೊಂದು ತೊಡಕಿದೆ. ಸಾಮಾನ್ಯ ಎಚ್ಚರದಿಂದ ನೀವೇ ಕಂಡುಹಿಡಿಯಬಹುದಿತ್ತು ಎಂದಾದರೆ ಕರಾರು ಮುರಿಯಲಾಗದು ಎನ್ನುತ್ತದೆ 19ನೇ ಕಲಂ. ಕುಂಟು, ಕುರುಡು, ಮುರಿದ ಕೋಡಿಗೆ ಇದು ಅನ್ವಯಿಸುತ್ತದೆ, ಸರಿ. ಕಂದು ರೋಗ ಹಲ್ಲು ನೋಡಿದರೆ ಕಾಣುವುದಿಲ್ಲ, ರಕ್ತ ಪರೀಕ್ಷೆ ಬೇಕು. ಅದನ್ನು ಜಾತ್ರೆಯಲ್ಲಿ ನಿಂತು ಕಂಡುಹಿಡಿಯಬೇಕಿತ್ತು ಎಂದು ಎದುರಿನವರು ವಾದಿಸಿದರೆ ಬಿಡಬೇಡಿ.

ಇಂಗ್ಲೆಂಡಿನಲ್ಲಿ 1878ರಲ್ಲಿ ಹೌಸ್ ಆಫ್ ಲಾರ್ಡ್ಸ್ ತೀರ್ಮಾನಿಸಿದ ವಾರ್ಡ್ ವಿರುದ್ಧ ಹಾಬ್ಸ್ ಎಂಬ ಕೇಸಿದೆ. ರೋಗದ ಹಂದಿಗಳನ್ನು ಗೊತ್ತಿದ್ದೇ ಸಂತೆಗೆ ತಂದವನು "ಇದ್ದ ದೋಷಗಳ ಸಮೇತ" ಎಂದು ಹೇಳಿ ಮಾರಿದ. ಕೊಂಡವನ ಬೇರೆ ಹಂದಿಗಳಿಗೂ ರೋಗ ಅಂಟಿತು. ರೋಗದ ಪ್ರಾಣಿಯನ್ನು ಸಂತೆಗೆ ತರುವುದು ಆಗಲೇ ಅಪರಾಧವಾಗಿತ್ತು. ಆದರೂ ಮಾರಿದವನು ಗೆದ್ದ. ಸಂತೆಗೆ ತಂದದ್ದೇ "ರೋಗ ಇಲ್ಲ" ಎಂದು ಹೇಳಿದಂತೆ ಆಗುವುದಿಲ್ಲ ಎಂದರು. ನನಗೆ ಈ ತೀರ್ಪು ಎಂದೂ ಹಿಡಿಸಿಲ್ಲ. ನಮ್ಮ ಕೋರ್ಟಿಗೆ ಅದು ಕಟ್ಟುಪಾಡೂ ಅಲ್ಲ. ಆದರೆ ಎದುರು ವಕೀಲರು ಅದನ್ನು ತರಬಹುದು, ಆಗ 2009ರ ಕಾಯ್ದೆಯ 13ನೇ ಕಲಮನ್ನು ಮುಂದಿಟ್ಟು, ಕರಾರಿನ ಮೇಲಲ್ಲ, ನಿರ್ಲಕ್ಷ್ಯದ ಮೇಲೆ ವಾದ ನಿಲ್ಲಿಸಬೇಕು.

ಮಾರಿದವನು ಮನೆಯ ಒಂದು ಆಕಳು ಮಾರಿದ ರೈತನೋ, ವರ್ಷವಿಡೀ ದನದ ವ್ಯಾಪಾರವೇ ಮಾಡುವವನೋ ಎಂಬುದೂ ಮುಖ್ಯ. ವ್ಯಾಪಾರಿಗೆ "ಮನೀಗೆ ಹೈನಕ್ಕ ಬೇಕು" ಎಂದು ಹೇಳಿ ಅವನ ತಿಳಿವಳಿಕೆ ನಂಬಿ ಕೊಂಡಿದ್ದರೆ, 1930ರ ಸರಕು ಮಾರಾಟ ಕಾಯ್ದೆಯ 16ನೇ ಕಲಂ ನಿಮ್ಮ ಪರವಾಗಿ ನಿಲ್ಲಬಲ್ಲದು. ಕಾಯ್ದೆಯ ಕಣ್ಣಿಗೆ ಆಕಳೂ ಸರಕೇ. ಮನಸ್ಸಿಗೆ ಒಪ್ಪದ ಮಾತು, ಆದರೆ ಇಲ್ಲಿ ಉಪಯೋಗಕ್ಕೆ ಬರುತ್ತದೆ.

ನಡುವೆ ನಿಂತ ದಲಾಲಿ?

ಕೈ ಹಿಡಿಸಿ ದಲಾಲಿ ತೆಗೆದುಕೊಂಡ ಮಾತ್ರಕ್ಕೆ ಹೊಣೆಯಲ್ಲ. ರೋಗ ತಿಳಿದೂ "ನಾ ಅದೇನಿ, ತಗೋರಿ" ಅಂದಿದ್ದರೆ ಅವನೂ ಪ್ರತಿವಾದಿ.

ಮಾರಿದವರು ಸಾಂಗ್ಲಿ, ಸೋಲಾಪುರ ಕಡೆಯವರು. ದಾವೆ ಹಾಕಲು ಅಲ್ಲಿಗೆ ಹೋಗಬೇಕೇ?

ಬೇಡ. ವ್ಯವಹಾರ ಅಥವಾ ಹಾನಿ ನಡೆದ ಜಾಗದ ಕೋರ್ಟಿನಲ್ಲಿ ಹಾಕಬಹುದು. ಚಿಂಚಲಿಯಲ್ಲಿ ಕೊಂಡಿದ್ದರೆ ಬೆಳಗಾವಿ ಜಿಲ್ಲೆಯಲ್ಲೇ ಆಗುತ್ತದೆ. ಡಿಕ್ರಿ ಸಿಕ್ಕ ಮೇಲೆ ವಸೂಲಿಗೆ ಅಲೆಯುವುದು ಬೇರೆ ಮಾತು.

ಜಾತ್ರಾ ಸಮಿತಿಯವರು ಹೊಣೆ ಹೊರಬೇಕೇ? ನಾವು ಬರೀ ಜಾಗ ಕೊಟ್ಟವರು, ದನ ನಮ್ಮದಲ್ಲ.

ಸಮಿತಿಯ ಹಿರಿಯರು ಇದನ್ನು ಕೈ ಮುಗಿದುಕೊಂಡೇ ಹೇಳುತ್ತಾರೆ. ಅವರ ದುಡಿಮೆಯೂ ದೇವರ ಸೇವೆಯೇ ಹೊರತು ಲಾಭಕ್ಕಲ್ಲ. ಆದರೂ ಕಾನೂನು ಕೇಳುವುದು ಜಾಗ ಯಾರ ಹತೋಟಿಯಲ್ಲಿತ್ತು ಎಂದು. ಪ್ರವೇಶದ ಬಾಗಿಲು, ದನ ಕಟ್ಟುವ ಸಾಲು, ನೀರಿನ ತೊಟ್ಟಿ, ಪಾವತಿ ಪುಸ್ತಕ ಇವೆಲ್ಲ ನಿಮ್ಮ ಕೈಯಲ್ಲಿದ್ದರೆ, ಬಂದವರ ಸುರಕ್ಷತೆ ನೋಡುವ ಕರ್ತವ್ಯವೂ ನಿಮ್ಮದು.

ಇಲ್ಲಿ ಸುಪ್ರೀಂ ಕೋರ್ಟಿನ ಒಂದು ತೀರ್ಪನ್ನು ಪ್ರತಿ ಸಮಿತಿಯೂ ಓದಿಕೊಳ್ಳಬೇಕು. 2006ರ ಏಪ್ರಿಲ್ 10ರಂದು ಮೀರತ್ ನಗರದ ವಿಕ್ಟೋರಿಯಾ ಪಾರ್ಕಿನಲ್ಲಿ ನಡೆದಿದ್ದ ಗ್ರಾಹಕ ವಸ್ತುಗಳ ಮೇಳಕ್ಕೆ ಬೆಂಕಿ ಬಿದ್ದು 65 ಜನ ಸತ್ತರು. ಪೆಂಡಾಲು, ಕರೆಂಟು ಎಲ್ಲ ಗುತ್ತಿಗೆದಾರನ ಕೆಲಸ, ನಮ್ಮದೇನಿಲ್ಲ ಎಂದು ಸಂಘಟಕರು ವಾದಿಸಿದರು. ಸಂಜಯ್ ಗುಪ್ತಾ ವಿರುದ್ಧ ಉತ್ತರ ಪ್ರದೇಶ ಸರಕಾರ ಎಂಬ ಆ ಪ್ರಕರಣದಲ್ಲಿ 2022ರಲ್ಲಿ ಕೋರ್ಟು ಈ ವಾದ ಒಪ್ಪಲಿಲ್ಲ. ಹೊಣೆಯಲ್ಲಿ ಸಂಘಟಕರಿಗೆ ಶೇ 60, ಸರಕಾರಕ್ಕೆ ಶೇ 40 ಎಂದು ಹಂಚಿತು. ಪರಿಹಾರವನ್ನು ಮೋಟಾರು ಅಪಘಾತದ ಲೆಕ್ಕದಂತೆ ನಿಗದಿ ಮಾಡಲು ಹೇಳಿತು.

ಅದು ಬೆಂಕಿ, ಇದು ರೋಗ ಎನ್ನಬಹುದು. ಜನ ಸೇರಿಸಿದವನು ಅವರ ಸುರಕ್ಷತೆಯ ಹೊಣೆಯನ್ನು ಗುತ್ತಿಗೆದಾರನ ಹೆಗಲಿಗೆ ಹಾಕಿ ನುಣುಚಿಕೊಳ್ಳಲಾಗದು, ಕಣ್ಣುಮುಚ್ಚಿ ಅನುಮತಿ ಕೊಟ್ಟ ಸರಕಾರವೂ ಪಾರಾಗದು ಎಂಬ ತತ್ವಕ್ಕೆ ಬೆಂಕಿ, ರೋಗ ಎರಡೂ ಒಂದೇ. ಪಂಚಾಯಿತಿ, ಮಹಾನಗರ ಪಾಲಿಕೆ, ಎಪಿಎಂಸಿ, ಮುಜರಾಯಿ ದೇವಸ್ಥಾನ ಯಾರೇ ಜಾತ್ರೆ ನಡೆಸಲಿ, ಯಾರ ಕೈಯಲ್ಲಿ ಎಷ್ಟು ಹತೋಟಿ ಇತ್ತೋ ಅಷ್ಟು ಪಾಲು.

ಹಾಗಾದರೆ ಸಮಿತಿ ಏನು ಮಾಡಿದ್ದರೆ ಕೋರ್ಟಿನಲ್ಲಿ ತಲೆಯೆತ್ತಿ ನಿಲ್ಲಬಹುದು?

ಬಾಗಿಲಲ್ಲೇ ಪಶುವೈದ್ಯರು ಅಥವಾ ಪಶು ಪರಿವೀಕ್ಷಕರು ಇರಬೇಕು, ಇಲಾಖೆಗೆ ಮೊದಲೇ ಬರೆದು ಕೇಳಿದ ಪತ್ರದ ಪ್ರತಿ ಕಡತದಲ್ಲಿರಬೇಕು. ಪ್ರತಿ ದನದ ಕಿವಿಯ ಓಲೆಯ 12 ಅಂಕಿ ಬರೆದುಕೊಂಡೇ ಒಳಗೆ ಬಿಡಿ. ಲಸಿಕೆ ದಾಖಲೆ ಆ ಅಂಕಿಯ ಮೇಲೇ ನಿಂತಿದೆ. 2019ರ ಸೆಪ್ಟೆಂಬರ್‌ನಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಕಾಲುಬಾಯಿಗೆ ವರ್ಷಕ್ಕೆರಡು ಸಲ, ಕಂದು ರೋಗಕ್ಕೆ 4ರಿಂದ 8 ತಿಂಗಳ ಹೆಣ್ಣುಕರುಗಳಿಗೆ ಒಮ್ಮೆ ಲಸಿಕೆ ಹಾಕಿ ದಾಖಲಿಸುತ್ತಾರೆ. ಅನುಮಾನದ ದನ ಕಟ್ಟಲು ಗಾಳಿಯ ಕೆಳಗಡೆ ಬೇರೆ ಜಾಗ, ಅದಕ್ಕೆ ಬೇರೆ ನೀರು. ಒಂದೇ ತೊಟ್ಟಿಯಲ್ಲಿ ಐನೂರು ದನ ಬಾಯಿ ಹಾಕುವ ಪದ್ಧತಿ ಬಿಡಿ. ಊಟದ ಸಾಲು ದನದ ಸಾಲಿನಿಂದ ದೂರ, ನಡುವೆ ನಲ್ಲಿ ಮತ್ತು ಸಾಬೂನು. ನಲ್ಲಿ ಇದ್ದು ನೀರಿಲ್ಲದಿದ್ದರೆ ಅದು ನಿಮ್ಮ ವಿರುದ್ಧವೇ ಸಾಕ್ಷಿ.

ದೂರದಿಂದ ಲಾರಿಯಲ್ಲಿ ಬರುವ ದನಕ್ಕೆ ವೈದ್ಯರ ಪ್ರಮಾಣಪತ್ರ ಇರಬೇಕೆಂದು 1978ರ ಸಾಗಾಣಿಕೆ ನಿಯಮಗಳಲ್ಲೇ ಇದೆ. ಸಾಂಕ್ರಾಮಿಕ ರೋಗ ಇಲ್ಲ, ದೊಡ್ಡರೋಗದ, ಅಂದರೆ ದನಗಳ ರಿಂಡರ್‌ಪೆಸ್ಟ್‌ನ, ಲಸಿಕೆ ಆಗಿದೆ ಎಂದು ಬರೆದಿರಬೇಕಂತೆ. ಆ ದೊಡ್ಡರೋಗ ಜಗತ್ತಿನಿಂದಲೇ ಹೋಯಿತೆಂದು 2011ರಲ್ಲಿ ಸಾರಿದ್ದಾರೆ. ನಿಯಮ ಬರೆದವರು ಮುಂದಿನದ್ದನ್ನು ಊಹಿಸಿರಲಿಲ್ಲ, ಪಾಪ.

ಜಿಲ್ಲಾಧಿಕಾರಿ ದನದ ಜಾತ್ರೆ ನಿಷೇಧಿಸಿದ್ದಾರೆ, ಆದರೂ ರೈತರು ತಾವೇ ಬಂದು ಕಟ್ಟಿದರು. ಸಮಿತಿ ತಪ್ಪೇನು?

2022ರ ಕೊನೆಗೆ ಚರ್ಮಗಂಟು ಹರಡಿದಾಗ ರಾಜ್ಯದ ಹಲವು ಕಡೆ ಇಂಥ ನಿಷೇಧ ಬಂದಿತ್ತು. "ತಾವೇ ಬಂದರು" ಎನ್ನುವ ಮಾತು ನಿಲ್ಲಬೇಕಾದರೆ ನೀವು ಡಂಗುರ ಸಾರಿಸಿದ್ದು, ಫಲಕ ಹಾಕಿದ್ದು, ಪೊಲೀಸರಿಗೆ ತಿಳಿಸಿದ್ದು ತೋರಿಸಬೇಕು. ಬಂದವರಿಂದ ಪಾವತಿ ಹರಿದು ಜಾಗದ ಹಣ ತೆಗೆದುಕೊಂಡಿದ್ದರೆ ಮಾತೇ ಮುಗಿಯಿತು.

"ಪ್ರಾಣಿಗಳನ್ನು ಮುಟ್ಟಿದರೆ ನಿಮ್ಮದೇ ಜವಾಬ್ದಾರಿ" ಎಂದು ಬೋರ್ಡ್ ಹಾಕಿದರೆ ಸಾಕಲ್ಲವೇ?

ಸಾಲದು. ಅಮೆರಿಕದ ಕೆಲವು ರಾಜ್ಯಗಳಲ್ಲಿ ಇಂಥ ಬೋರ್ಡಿಗೆ ಶಾಸನದ ಬಲವೇ ಇದೆ, ನಮ್ಮಲ್ಲಿಲ್ಲ. ಎಚ್ಚರಿಕೆ ಕೊಟ್ಟದ್ದು ನಿಮ್ಮ ಪರ ಒಂದು ಅಂಶ, ಅಷ್ಟೇ. ಐದು ವರ್ಷದ ಮಗು ಬೋರ್ಡು ಓದುವುದಿಲ್ಲ.

ಕೃಷಿ ಮೇಳದಲ್ಲಿ ಮಕ್ಕಳು ಕರು, ಆಡಿನ ಮರಿ ಮುಟ್ಟಿ ಆಡುವ ಮೂಲೆ ಮಾಡಿದ್ದೇವೆ. ಅಷ್ಟಕ್ಕೂ ಅಪಾಯವೇ?

ಹೊರದೇಶಗಳಲ್ಲಿ ಈ ವಿಷಯದ ದೊಡ್ಡ ಪಾಠಗಳೆಲ್ಲ ಇಂಥ ಮೂಲೆಗಳಿಂದಲೇ ಬಂದಿವೆ. 2004ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾದ ರಾಜ್ಯ ಮೇಳದಲ್ಲಿ ಆಡು, ಕುರಿ ಮುಟ್ಟುವ ಅಂಗಳಕ್ಕೆ ಹೋದವರಲ್ಲಿ ಇ. ಕೋಲೈ ಒ157 ಹರಡಿ 108 ಪ್ರಕರಣಗಳಾದವು, ಕೆಲವು ಮಕ್ಕಳ ಮೂತ್ರಪಿಂಡ ಕೆಟ್ಟವು. ಮರುವರ್ಷವೇ ಅಲ್ಲಿ ಇಂಥ ಪ್ರದರ್ಶನಕ್ಕೆ ಪರವಾನಿಗೆ ಕಡ್ಡಾಯ ಮಾಡಿ ಕಾನೂನು ತಂದರು. 2009ರಲ್ಲಿ ಇಂಗ್ಲೆಂಡಿನ ಗಾಡ್‌ಸ್ಟೋನ್ ಫಾರ್ಮ್‌ಗೆ ಹೋದವರಲ್ಲಿ 93 ಜನರಿಗೆ ಅದೇ ರೋಗ, ಹೆಚ್ಚಿನವರು ಚಿಕ್ಕಮಕ್ಕಳು. ಆಮೇಲೆ ನಡೆದ ತನಿಖೆ ಹೇಳಿದ್ದೇನೆಂದರೆ, ಕೈ ತೊಳೆಯಿರಿ ಎಂದರೆ ಸಾಲದು, ಮಕ್ಕಳಿಗೆ ಹಿಕ್ಕೆ, ಸಗಣಿ ತಾಗದ ಹಾಗೆ ಜಾಗವನ್ನೇ ಕಟ್ಟಬೇಕಿತ್ತು. 2012ರಲ್ಲಿ ಅಮೆರಿಕದ ಮೇಳಗಳಲ್ಲಿ ಹಂದಿಗಳಿಂದ ಬಂದ ಫ್ಲೂ ಜ್ವರ 300ಕ್ಕೂ ಹೆಚ್ಚು ಜನರಿಗೆ ಅಂಟಿತು, ಬಹುಪಾಲು ಹಂದಿ ತಂದಿದ್ದ ಅಥವಾ ನೋಡಲು ಬಂದಿದ್ದ ಮಕ್ಕಳು.

ನಾವು ಸಗಣಿಯಲ್ಲೇ ಬೆಳೆದವರು, ನೆಲ ಸಾರಿಸಿದವರು ಎಂಬ ಮಾತು ಬರುತ್ತದೆ. ಮನೆಯ ಎರಡು ಆಕಳು ಬೇರೆ, ನೂರು ಊರಿನ ಪ್ರಾಣಿ ಸೇರಿದ ಅಂಗಳ ಬೇರೆ. ಮುಖ್ಯವಾಗಿ, ಈ ಘಟನೆಗಳೆಲ್ಲ ಜಗತ್ತಿಗೆ ಗೊತ್ತಾದ ಮೇಲೆ ಸಂಘಟಕರು "ಇಂಥದ್ದು ಆಗುತ್ತದೆಂದು ಊಹಿಸಿರಲಿಲ್ಲ" ಎಂದು ಹೇಳುವ ಹಾಗಿಲ್ಲ. ಊಹಿಸಬಹುದಾದದ್ದನ್ನು ತಡೆಯದಿರುವುದೇ ನಿರ್ಲಕ್ಷ್ಯ.

ಮೇಳಕ್ಕೆ ಟಿಕೆಟ್ ಇತ್ತು. ಗ್ರಾಹಕ ಆಯೋಗಕ್ಕೆ ಹೋಗಬಹುದೇ?

ಹೋಗಬಹುದು, ಸಿವಿಲ್ ದಾವೆಗಿಂತ ಹಗುರಾದ ದಾರಿ ಅದೇ. 2019ರ ಕಾಯ್ದೆಯಡಿ ಎರಡು ವರ್ಷದೊಳಗೆ ದೂರು ಕೊಡಬೇಕು. ಕೊಟ್ಟ ಹಣ 50 ಲಕ್ಷದವರೆಗೆ ಇದ್ದರೆ ಜಿಲ್ಲಾ ಆಯೋಗ, 5 ಲಕ್ಷದವರೆಗೆ ಶುಲ್ಕವೂ ಇಲ್ಲ. ಹಣ ಕೊಡದೆ ಒಳಗೆ ಹೋದ ಜಾತ್ರೆಗೆ ಈ ದಾರಿ ಸಿಗುವುದು ಕಷ್ಟ. ಟಿಕೆಟ್ ಚೂರನ್ನು ಎಸೆಯಬೇಡಿ.

ಶಾಲೆಯವರು ಕರೆದುಕೊಂಡು ಹೋಗಿದ್ದರು.

ಶಾಲೆಗೂ ಪಾಲು ಬರುತ್ತದೆ. ಮಕ್ಕಳ ಮೇಲೆ ನಿಗಾ ಆ ಹೊತ್ತಿಗೆ ಶಿಕ್ಷಕರ ಕೈಯಲ್ಲಿತ್ತು.

ಜಾತ್ರೆಯಲ್ಲಿ ನಾಯಿ ಕಚ್ಚಿತು. ಕೇಸು ಯಾರ ಮೇಲೆ?

ಕೇಸು ಆಮೇಲೆ. ಮೊದಲು ಹರಿಯುವ ನೀರಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆದು, ಅದೇ ದಿನ ಸರಕಾರಿ ಆಸ್ಪತ್ರೆಗೆ ಹೋಗಿ ಲಸಿಕೆ ಶುರು ಮಾಡಿ. ಗಾಯಕ್ಕೆ ಸುಣ್ಣ, ಖಾರ ಹಚ್ಚಬೇಡಿ. ರೇಬೀಸ್ ಲಕ್ಷಣ ಕಂಡ ಮೇಲೆ ಯಾವ ವಕೀಲನೂ ವೈದ್ಯನೂ ಏನೂ ಮಾಡಲಾರ.

ಕುರಿಗಾರನ ಸಾಕುನಾಯಿ ಆಗಿದ್ದರೆ ಅವನು, ಬೀದಿನಾಯಿ ಆಗಿದ್ದರೆ ಸ್ಥಳೀಯ ಸಂಸ್ಥೆ. ಬೀದಿನಾಯಿ ಕಚ್ಚಿದರೆ ಪ್ರತಿ ಹಲ್ಲಿನ ಗುರುತಿಗೆ ಕನಿಷ್ಠ 10,000 ರೂಪಾಯಿ ಕೊಡಬೇಕೆಂದು 2023ರಲ್ಲಿ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ ಹೇಳಿತು. ಆ ಆದೇಶ ನಮ್ಮ ರಾಜ್ಯಕ್ಕೆ ಅನ್ವಯಿಸದು, ವಾದದಲ್ಲಿ ಎತ್ತಿ ಹೇಳಲು ಅಡ್ಡಿಯಿಲ್ಲ.

ಜಾತ್ರೆಯ ಅಂಗಡಿಯಲ್ಲಿ ಹಾಲು ಕುಡಿದು ಜ್ವರ ಹಿಡಿಯಿತು.

ಮಾರಿದ ಹಾಲಿಗೆ 2006ರ ಆಹಾರ ಸುರಕ್ಷತಾ ಕಾಯ್ದೆ ಬರುತ್ತದೆ. ಅಸುರಕ್ಷಿತ ಆಹಾರದಿಂದ ಸಾವಾದರೆ ಕನಿಷ್ಠ 5 ಲಕ್ಷ, ತೀವ್ರ ಹಾನಿಗೆ 3 ಲಕ್ಷದವರೆಗೆ, ಉಳಿದ ಹಾನಿಗೆ 1 ಲಕ್ಷದವರೆಗೆ ಪರಿಹಾರ ಎಂದು 65ನೇ ಕಲಂ ಹೇಳುತ್ತದೆ. ಯಾರೋ ಪರಿಚಯದವರು "ತಗೋರಿ ಕಾಕಾ, ಈಗ ಹಿಂಡಿದ್ದು" ಎಂದು ಪುಕ್ಕಟೆ ಕೊಟ್ಟ ಹಸಿಹಾಲಿಗೆ ಈ ದಾರಿ ಹಿಡಿಯಬೇಡಿ, ಹಸಿಹಾಲು ಕುಡಿಯಲೂಬೇಡಿ.

ಸಗಣಿ ಬಳಿಯಲು, ದನ ಕಾಯಲು ಕೂಲಿಗೆ ಬಂದವನಿಗೆ ರೋಗ ಬಂದರೆ?

ಇಡೀ ವಿಷಯದಲ್ಲಿ ಬಡವನ ಕಡೆ ಕಾನೂನು ನೇರವಾಗಿ ವಾಲಿರುವುದು ಇಲ್ಲೊಂದೇ ಕಡೆ. 1923ರ ನೌಕರರ ಪರಿಹಾರ ಕಾಯ್ದೆಯ 3ನೇ ಅನುಸೂಚಿಯ ಮೊದಲ ಸಾಲಿನಲ್ಲೇ, ಪ್ರಾಣಿ ಅಥವಾ ಪ್ರಾಣಿಯ ಹೆಣ ನಿಭಾಯಿಸುವ ಕೆಲಸದಲ್ಲಿ ಬರುವ ಸೋಂಕು ರೋಗ ಸೇರಿತ್ತು. ಈಗ ಅದರ ಜಾಗಕ್ಕೆ ಬಂದಿರುವ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಆ ಪಟ್ಟಿ ಮುಂದುವರಿದಿದೆ. ಅಂಥ ಕೆಲಸದಲ್ಲಿದ್ದಾಗ ಅಂಥ ರೋಗ ಬಂದರೆ ಅದು ಕೆಲಸದಿಂದಲೇ ಬಂದದ್ದು ಎಂದು ಹಿಡಿಯುತ್ತಾರೆ, ಅಲ್ಲ ಎಂದು ತೋರಿಸುವ ಭಾರ ಕೆಲಸಕ್ಕಿಟ್ಟವನದು. ಆದ್ದರಿಂದ ಸಮಿತಿಯವರೇ, ಕೂಲಿಯವರಿಗೆ ಕೈಗವಸು, ಬೂಟು ಕೊಡಿ, ಹಾಜರಿ ಪುಸ್ತಕ ಇಡಿ.

ರೋಗ ಜಾತ್ರೆಯಿಂದಲೇ ಬಂತು ಎಂದು ಸಾಬೀತು ಮಾಡುವುದು ಹೇಗೆ?

ಕೇಸುಗಳು ಸೋಲುವುದು ಇಲ್ಲೇ. ಕಾನೂನು ನಮ್ಮ ಪರ ಇದ್ದೂ ಪುರಾವೆ ಇಲ್ಲದೆ ಕೈಚೆಲ್ಲಿದ್ದನ್ನು ನೋಡಿದ್ದೇನೆ.

ಮೊದಲ ತೊಡಕು ದಿನಗಳ ಲೆಕ್ಕ. ಇ. ಕೋಲೈ ಆದರೆ ಮೂರು ನಾಲ್ಕು ದಿನದಲ್ಲಿ ಭೇದಿ ಹಿಡಿಯುತ್ತದೆ, ಜಾತ್ರೆಯ ನೆನಪು ಹಸಿಯಾಗಿರುತ್ತದೆ. ಕಂದು ರೋಗ ಹಾಗಲ್ಲ, ವಾರಗಳು, ಕೆಲವೊಮ್ಮೆ ತಿಂಗಳುಗಳೇ ಹಿಡಿಯುತ್ತವೆ. ಅಷ್ಟರಲ್ಲಿ ನೀವು ಬೇರೆ ಸಂತೆಗೂ ಹೋಗಿರುತ್ತೀರಿ, ಮನೆಯ ಹಳೆಯ ಎಮ್ಮೆಯೂ ಇರುತ್ತದೆ. "ನಿಮ್ಮ ಮನೀ ಎಮ್ಮಿಯಿಂದ್ಲೇ ಬಂದಿದ್ದರ?" ಎಂದು ಎದುರು ವಕೀಲರು ಪಾಟೀಸವಾಲಿನಲ್ಲಿ ಕೇಳಿಯೇ ಕೇಳುತ್ತಾರೆ. ಅದಕ್ಕೇ ಮನೆಯ ಉಳಿದ ದನಗಳ ರಕ್ತವನ್ನೂ ಪರೀಕ್ಷೆ ಮಾಡಿಸಿ. ಅವೆಲ್ಲ ಶುದ್ಧ ಇದ್ದು ತಂದ ಆಕಳು ಮಾತ್ರ ರೋಗದ್ದು ಎಂದಾದರೆ ನಿಮ್ಮ ಕೈ ಗಟ್ಟಿ.

ಎರಡನೆಯದು ಆಸ್ಪತ್ರೆ. ಜ್ವರ ಬಂದಾಗ ವೈದ್ಯರಿಗೆ ದನ ಮುಟ್ಟಿದ್ದು, ಹಾಲು ಕುಡಿದದ್ದು, ಜಾತ್ರೆಗೆ ಹೋದದ್ದು ಹೇಳಿ. ಹೇಳದಿದ್ದರೆ ಟೈಫಾಯಿಡ್ ಎಂದು ಗುಳಿಗೆ ಕೊಟ್ಟು ಕಳಿಸುತ್ತಾರೆ, ಗುಳಿಗೆ ನುಂಗಿದ ಮೇಲೆ ರೋಗಾಣು ಬೆಳೆಸಿ ನೋಡುವುದು ಕಷ್ಟವಾಗುತ್ತದೆ. ಔಷಧಕ್ಕಿಂತ ಮೊದಲೇ ರಕ್ತದ, ಭೇದಿಯಾದರೆ ಮಲದ ಮಾದರಿ ತೆಗೆಸಿ, ವರದಿ ಜೋಪಾನ ಮಾಡಿ. ನಿಮ್ಮೊಳಗಿನ ರೋಗಾಣು, ಪ್ರಾಣಿಯೊಳಗಿನ ರೋಗಾಣು ಒಂದೇ ತಳಿಯದು ಎಂದು ಪ್ರಯೋಗಾಲಯ ಹೇಳಿದರೆ ಅದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ.

ಮೂರನೆಯದು ಜೊತೆಗಾರರು. ಒಬ್ಬನಿಗೆ ಬಂದರೆ ದೈವ ಎನ್ನುತ್ತಾರೆ, ಅದೇ ಸಾಲಿನಲ್ಲಿ ದನ ಕಟ್ಟಿದ ಹತ್ತು ಜನರಿಗೆ ಅದೇ ವಾರ ಬಂದರೆ ಕಾರಣ ಹುಡುಕಲೇಬೇಕಾಗುತ್ತದೆ. ಊರಲ್ಲಿ ವಿಚಾರಿಸಿ, ಆರೋಗ್ಯ ಇಲಾಖೆಗೆ ತಿಳಿಸಿ, ಅವರ ತನಿಖಾ ವರದಿ ಮುಂದೆ ಮಾಹಿತಿ ಹಕ್ಕಿನಲ್ಲಿ ಸಿಗುತ್ತದೆ. ಉಳಿದಂತೆ ಪಾವತಿ, ಓಲೆಯ ಅಂಕಿ, ಮೊಬೈಲಿನಲ್ಲಿ ತೆಗೆದ ಫೋಟೊ. ಹೋರಿಯ ಪಕ್ಕ ನಿಂತು ತೆಗೆಸಿಕೊಂಡ ಒಂದು ಸೆಲ್ಫಿಯಲ್ಲಿ ತಾರೀಖು, ಜಾಗ, ದನ ಮೂರೂ ಇರುತ್ತವೆ.

ಸಿವಿಲ್ ಕೇಸಿನಲ್ಲಿ ನೂರಕ್ಕೆ ನೂರು ಸಾಬೀತು ಬೇಕಿಲ್ಲ. ಹೀಗೇ ಆಗಿರುವ ಸಂಭವ ಹೆಚ್ಚು ಎಂದು ತೋರಿಸಿದರೆ ಸಾಕು.

ಪೊಲೀಸ್ ಕೇಸು ಆಗುತ್ತದೆಯೇ?

ಜೀವಕ್ಕೆ ಅಪಾಯದ ರೋಗ ಹರಡುವಂಥ ನಿರ್ಲಕ್ಷ್ಯಕ್ಕೆ ಭಾರತೀಯ ನ್ಯಾಯ ಸಂಹಿತೆಯ 271ನೇ ಕಲಂ, ಆರು ತಿಂಗಳವರೆಗೆ ಜೈಲು ಅಥವಾ ದಂಡ ಅಥವಾ ಎರಡೂ. ಬೇಕೆಂದೇ ಕೆಟ್ಟ ಬುದ್ಧಿಯಿಂದ ಮಾಡಿದರೆ 272, ಎರಡು ವರ್ಷದವರೆಗೆ. ತನ್ನ ಹಿಡಿತದ ಪ್ರಾಣಿಯಿಂದ ಜೀವಾಪಾಯ ಆಗದಂತೆ ನೋಡಿಕೊಳ್ಳದವನಿಗೆ 291. ಸಾವೇ ಆದರೆ 106. ಇಲ್ಲಿ ಅನುಮಾನಕ್ಕೆ ಎಡೆಯಿಲ್ಲದ ಸಾಬೀತು ಬೇಕು, ಹಾಗಾಗಿ ಶಿಕ್ಷೆಯಾಗುವುದು ವಿರಳ. ಪರಿಹಾರ ಬೇಕಾದವರು ಇದನ್ನೇ ನಂಬಿ ಕೂರಬಾರದು.

ಜಾತ್ರೆಯಲ್ಲೇ ದನ ಸತ್ತುಬಿತ್ತು, ಮೂಗಿನಿಂದ ರಕ್ತ. ಏನು ಮಾಡಬೇಕು?

ಕೊಯ್ಯಬೇಡಿ, ಸುಲಿಯಬೇಡಿ, ಎಳೆದು ಹಳ್ಳಕ್ಕೆ ಹಾಕಬೇಡಿ. ನೆರಡಿ ಇದ್ದರೆ ಗಾಳಿ ತಾಗಿದ ರೋಗಾಣು ಬೀಜ ಕಟ್ಟಿ ಮಣ್ಣಲ್ಲಿ ದಶಕಗಟ್ಟಲೆ ಇರುತ್ತದೆ. 1962ಕ್ಕೆ ಫೋನ್ ಮಾಡಿ ಪಶುವೈದ್ಯರನ್ನು ಕರೆಸಿ, ಅವರು ಹೇಳಿದಂತೆ ಆಳವಾಗಿ ಸುಣ್ಣ ಹಾಕಿ ಹೂಳಿ. ರೋಗದ ಹೆಣವನ್ನು ಹೊಳೆ, ಕೆರೆ, ಕಾಲುವೆಗೆ ಹಾಕುವುದಕ್ಕೆ 2009ರ ಕಾಯ್ದೆ ಬೇರೆಯೇ ಶಿಕ್ಷೆ ಇಟ್ಟಿದೆ. ತೊಗಲಿನ ಆಸೆಗೆ ಸುಲಿಸಿದವನೇ ಮುಂದೆ ಬರುವ ಎಲ್ಲ ಕೇಸಿಗೂ ಮೊದಲ ಆರೋಪಿ.

ಸರಕಾರದಿಂದ ಪರಿಹಾರ ಬಂದಿದೆ. ಇನ್ನು ದಾವೆ ಹಾಕಬಾರದೇ?

ಹಾಕಬಹುದು. 2022ರಲ್ಲಿ ಚರ್ಮಗಂಟಿನಿಂದ ಸತ್ತ ಆಕಳಿಗೆ 20,000, ಎತ್ತಿಗೆ 30,000, ಕರುವಿಗೆ 5,000 ಕೊಟ್ಟದ್ದು ಆಸರೆಯ ಹಣ. ತಪ್ಪು ಮಾಡಿದವನ ಹೊಣೆ ಅದರಿಂದ ತೀರುವುದಿಲ್ಲ, ಸಿಕ್ಕ ಹಣವನ್ನು ಕೋರ್ಟು ಲೆಕ್ಕದಲ್ಲಿ ಕಳೆಯಬಹುದು.

ಎಷ್ಟು ದಿನದೊಳಗೆ ಹೋಗಬೇಕು, ಖರ್ಚು ಎಷ್ಟು?

ನಿರ್ಲಕ್ಷ್ಯದ ಸಿವಿಲ್ ದಾವೆಗೆ ಸಾಮಾನ್ಯವಾಗಿ ಮೂರು ವರ್ಷ, ಸಾವಾದ ಕುಟುಂಬದ ದಾವೆಗೆ ಸಾವಿನ ದಿನದಿಂದ ಎರಡೇ ವರ್ಷ. ಸರಕಾರವನ್ನೂ ಪ್ರತಿವಾದಿ ಮಾಡುವುದಾದರೆ ಎರಡು ತಿಂಗಳ ಮುಂಚೆ ನೋಟಿಸು ಕೊಡಬೇಕು, ಆ ದಿನಗಳನ್ನು ಮೊದಲೇ ಲೆಕ್ಕ ಹಾಕಿ. ಅಧಿಕಾರಿಗಳ ನಿರ್ಲಕ್ಷ್ಯ ಎದ್ದು ಕಾಣುವಂತಿದ್ದರೆ ಹೈಕೋರ್ಟಿಗೆ ರಿಟ್ ಅರ್ಜಿ, ವಿಜಯಪುರದವರಿಗೆ ಕಲಬುರಗಿ ಪೀಠ, ಬೆಳಗಾವಿ ಮತ್ತು ಬಾಗಲಕೋಟೆಯವರಿಗೆ ಧಾರವಾಡ ಪೀಠ.

ಹೆಣ್ಣುಮಕ್ಕಳಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಕೀಲರು ಪುಕ್ಕಟೆ ಸಿಗುತ್ತಾರೆ, ಉಳಿದ ಹೆಚ್ಚಿನವರಿಗೆ ಆದಾಯದ ಮಿತಿ ಇದೆ. 15100ಕ್ಕೆ ಫೋನ್ ಮಾಡಿ ಕೇಳಿ. ಮಾರಿದವನೂ ಕೊಂಡವನೂ ಮುಂದಿನ ಜಾತ್ರೆಯಲ್ಲಿ ಮತ್ತೆ ಎದುರಾಗುವವರೇ ಆದ್ದರಿಂದ ಇಂಥ ವ್ಯಾಜ್ಯಗಳು ಲೋಕ ಅದಾಲತ್‌ನಲ್ಲಿ ಬೇಗ ಮುಗಿಯುತ್ತವೆ.

ಜಾತ್ರೆಯಲ್ಲಿ ದನಕ್ಕೆ ಜ್ವರ ಕಾಣಿಸಿತು. ಸುಮ್ಮನೆ ರಾತ್ರೋರಾತ್ರಿ ಊರಿಗೆ ಒಯ್ದುಬಿಟ್ಟರೆ?

ಒಯ್ಯಬೇಡಿ. ದಾರಿಯ ಪ್ರತಿ ಊರಿನ ನೀರಿನ ತೊಟ್ಟಿಯೂ ನಿಮ್ಮ ಹೆಸರಿಗೆ ಬರೆದಂತಾಗುತ್ತದೆ. ಅಲ್ಲೇ ಬೇರೆ ಕಟ್ಟಿ, ವೈದ್ಯರಿಗೆ ತೋರಿಸಿ, ತೋರಿಸಿದ ಚೀಟಿ ಕಿಸೆಯಲ್ಲಿಟ್ಟುಕೊಳ್ಳಿ.